ಬೆಂಚ್ ಮೇಲಿದ್ದ, ಪಾಠದೊಳಗೆ ಇರ್ಲಿಲ್ಲ

(ಒಂಬತ್ತು ಪೋಸ್ಟ್‌ಗಳ ಸರಣಿ. ಉದ್ದ ಇದೆ, ಗೊತ್ತು. ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.)

1/9

ಫೋಟೋದಲ್ಲಿ ಇರೋದು ನನ್ನ ಸರ್ಟಿಫಿಕೇಟ್. ಜನವರಿ ಮೊದಲ ವಾರ ನಮ್ಮ ಕಾಲೇಜಲ್ಲಿ ಚರ್ಚಾಸ್ಪರ್ಧೆ ಇತ್ತು. ವಿಷಯ: "ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಸಾಮಾನ್ಯ ಶಾಲೆಯೇ ಸೂಕ್ತ". ಚೀಟಿ ಎತ್ತಿದಾಗ ನನಗೆ 'ಪರ' ಬಂತು. ನಾಲ್ಕು ನಿಮಿಷ ಟೈಮ್. ಸಮಾನತೆ, ಸಂವಿಧಾನ, "ಬೇರೆ ಕೂರಿಸೋದೇ ಅವಮಾನ" ಅಂತೆಲ್ಲ ಜೋರಾಗಿ ಮಾತಾಡ್ದೆ. ಚಪ್ಪಾಳೆ ಬಂತು. ಎರಡನೇ ಬಹುಮಾನ ಬಂತು.

ಸಂಕ್ರಾಂತಿಗೆ ಊರಿಗೆ ಹೋದೆ. ಮಳವಳ್ಳಿ ಕಡೆ ನಮ್ಮ ಹಳ್ಳಿ. ತಮ್ಮನೂ ಹಾಸ್ಟೆಲ್‌ನಿಂದ ರಜಕ್ಕೆ ಬಂದಿದ್ದ. ಅವನಿಗೆ ಹದಿನೈದು ವರ್ಷ, ಹುಟ್ಟಿನಿಂದ ಕಿವಿ ಕೇಳಲ್ಲ. ಬ್ಯಾಗಿಂದ ಸರ್ಟಿಫಿಕೇಟ್ ತೆಗ್ದು ನೋಡಿ, ಹುಬ್ಬು ಎತ್ತಿ "ಯಾತಕ್ಕೆ ಕೊಟ್ರು?" ಅಂತ ಸನ್ನೆ ಮಾಡ್ದ.

'ಮಾತು' ಅಂತ ಕೈಯಲ್ಲಿ ತೋರಿಸ್ದೆ. 'ಸ್ಪರ್ಧೆ' ತೋರಿಸ್ದೆ. 'ಗೆದ್ದೆ' ತೋರಿಸ್ದೆ. "ಏನು ಮಾತಾಡ್ದೆ?" ಅಂದ. 'ಶಾಲೆ' ಅಂತ ತೋರಿಸಿದ ಮೇಲೆ ನನ್ನ ಕೈ ನಿಂತೋಯ್ತು. ನಿನ್ನಂಥ ಮಕ್ಕಳು ಎಲ್ಲಿ ಓದಬೇಕು ಅನ್ನೋದರ ಬಗ್ಗೆ ಮಾತಾಡ್ದೆ ಅಂತ ಹೇಳೋಕೆ ನನ್ನ ಹತ್ರ ಸನ್ನೆ ಇರ್ಲಿಲ್ಲ. ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ "ಹೋಗ್ಲಿ ಬಿಡು" ಅನ್ನೋ ಥರ ಕೈ ಆಡಿಸಿ ಹುಳದ ಮನೆ ಕಡೆ ಹೋದ.

ಅವನ ಪರವಾಗಿ ಮಾತಾಡಿ ಬಹುಮಾನ ತಗೊಂಡು ಬಂದಿದ್ದೆ, ಆದರೆ ಅವನಿಗೇ ಅದನ್ನ ಹೇಳೋಕೆ ಆಗ್ಲಿಲ್ಲ. ಅದಕ್ಕೆ ಈ ಸರಣಿ. ಸ್ಟೇಜ್ ಮೇಲೆ ಹೇಳಿದ್ದನ್ನ ಇಲ್ಲಿ ಹೇಳಲ್ಲ, ಅಲ್ಲಿ ಹೇಳ್ದೆ ಬಿಟ್ಟಿದ್ದನ್ನ ಹೇಳ್ತೀನಿ.

2/9

ಈ ಫೋಟೋ ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಬಲಗಡೆ ಕೊನೇ ರೂಮು ನಲಿ-ಕಲಿ ಕ್ಲಾಸು.

ತಮ್ಮನಿಗೆ ಕೇಳಲ್ಲ ಅಂತ ನಮಗೆ ಗೊತ್ತಾಗಿದ್ದೇ ಅವನಿಗೆ ಮೂರೂವರೆ ವರ್ಷ ಆದ ಮೇಲೆ. "ಅವರ ತಾತನೂ ಲೇಟಾಗೇ ಮಾತಾಡಿದ್ದು" ಅಂತ ಮನೇಲಿ ಎಲ್ರೂ ಸುಮ್ಮನಿದ್ರು. ಆಮೇಲೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿದ್ರು. ಕಾನೂನಿನ ಪ್ರಕಾರ ಎರಡೂ ಕಿವಿಯಲ್ಲಿ 70 ಡೆಸಿಬಲ್ ನಷ್ಟ ಇದ್ರೆ ಕಿವುಡುತನ. ಇವನದು ಅದಕ್ಕಿಂತ ಜಾಸ್ತಿನೇ ಇತ್ತು. ಕಿವಿಗೆ ಮಿಷನ್ ಬಂತು. ತುಂಬಾ ಜನ ಮಿಷನ್ ಅಂದ್ರೆ ಕನ್ನಡಕದ ಥರ, ಹಾಕಿದ ತಕ್ಷಣ ಸರಿಹೋಗುತ್ತೆ ಅಂದ್ಕೋತಾರೆ. ಹಾಗಲ್ಲ. ಅದು ಸದ್ದನ್ನ ಜೋರು ಮಾಡುತ್ತೆ, ಅರ್ಥ ಮಾಡಿಸಲ್ಲ. ಸದ್ದಿಗೆ ಅರ್ಥ ಕಲಿಸೋಕೆ ಚಿಕ್ಕ ವಯಸ್ಸಲ್ಲೇ ದಿನಾ ತರಬೇತಿ ಬೇಕು. ಅಮ್ಮ ಕೆಲವು ತಿಂಗಳು ಕರ್ಕೊಂಡು ಓಡಾಡಿದ್ರು. ಹುಳ ನಾಲ್ಕನೇ ಜ್ವರದಲ್ಲಿದ್ದಾಗ ಮನೆ ಬಿಟ್ಟು ಹೋಗೋಕಾಗಲ್ಲ. ಒಂದು ಸಲ ತಪ್ತು, ಎರಡು ಸಲ ತಪ್ತು, ನಿಂತೇ ಹೋಯ್ತು.

ಆರು ವರ್ಷಕ್ಕೆ ನಮ್ಮೂರ ಶಾಲೆಗೇ ಸೇರಿಸಿದ್ರು. ನಾನಾಗ ಅದೇ ಶಾಲೆಲಿ ಆರನೇ ಕ್ಲಾಸು. ಮೊದಲ ಮೂರು ವರ್ಷ ಅವನು ಚೆನ್ನಾಗೇ ಇದ್ದ ಅಂತ ಹೇಳಿದ್ರೆ ನಂಬ್ತೀರಾ? ಅದಕ್ಕೆ ಕಾರಣ ನಲಿ-ಕಲಿ. ನಮ್ಮ ಪಕ್ಕದ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಹುಟ್ಟಿದ ಪದ್ಧತಿ ಅದು. ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂರ್ತಾರೆ. ಒಂದು ಗುಂಪಿಗೆ ಮಿಸ್ ಪೂರ್ತಿ ಸಹಾಯ ಮಾಡ್ತಾರೆ, ಇನ್ನೊಂದಕ್ಕೆ ಜೊತೆಗಾರ ಮಕ್ಕಳೇ ಹೇಳ್ಕೊಡ್ತಾರೆ, ಮತ್ತೊಂದು ತಾನೇ ಕಲಿಯುತ್ತೆ. ಕಾರ್ಡ್ ಮೇಲೆ ಚಿತ್ರ ಇರುತ್ತೆ. ಒಂದು ಮೆಟ್ಟಿಲು ಮುಗಿಸಿದ ಮಗು ಮುಂದಿನ ಮೆಟ್ಟಿಲಿಗೆ ಹೋಗುತ್ತೆ, ಬೇರೆಯವರಿಗೆ ಕಾಯಬೇಕಿಲ್ಲ. ಅದನ್ನ ಕಿವುಡ ಮಕ್ಕಳಿಗೆ ಅಂತ ಯಾರೂ ಮಾಡಿದ್ದಲ್ಲ. ಆದ್ರೂ ಅಲ್ಲಿ ಇವನಿಗೆ ಜಾಗ ಇತ್ತು. ಚಿತ್ರ ಜೋಡಿಸ್ತಿದ್ದ, ಎಣಿಸ್ತಿದ್ದ, ಅಕ್ಷರ ತಿದ್ದುತ್ತಿದ್ದ. ಜೊತೆಯ ಮಕ್ಕಳು ಅವರವರೇ ಸನ್ನೆ ಕಂಡುಹಿಡಿದಿದ್ರು.

ಹಾಗಾಗಿ "ಇಂಥ ಮಕ್ಕಳನ್ನ ನಾರ್ಮಲ್ ಸ್ಕೂಲಿಗೆ ಯಾಕೆ ಹಾಕ್ತೀರ" ಅಂತ ಕೇಳೋರಿಗೆ ನನ್ನ ಮೊದಲ ಉತ್ತರ ಇದು: ಪಾಠ ಮಾಡೋ ರೀತಿ ಬದಲಾದ್ರೆ ಸಾಮಾನ್ಯ ಶಾಲೆಲೂ ಆಗುತ್ತೆ. ನಾನೇ ಕಣ್ಣಲ್ಲಿ ನೋಡಿದ್ದೀನಿ.

3/9

ಈ ಫೋಟೋದಲ್ಲಿ ನಾಲ್ಕನೇ ಕ್ಲಾಸಿನ ನೋಟ್ ಬುಕ್. ಅಕ್ಷರ ನೋಡಿ, ಎಷ್ಟು ದುಂಡಗಿದೆ. ಒಂದೂ ತಪ್ಪಿಲ್ಲ.

ಎಲ್ಲಾ ಬೋರ್ಡ್ ನೋಡಿ ಬರೆದಿದ್ದು. ಅವನಿಗೆ ಒಂದು ಸಾಲೂ ಅರ್ಥ ಆಗಿರ್ಲಿಲ್ಲ.

ನಾಲ್ಕನೇ ಕ್ಲಾಸಿಗೆ ನಲಿ-ಕಲಿ ಮುಗಿಯುತ್ತೆ. ಬೆಂಚು ಬರುತ್ತೆ, ಪಠ್ಯಪುಸ್ತಕ ಬರುತ್ತೆ, ಮೇಷ್ಟ್ರು ಬೋರ್ಡ್ ಕಡೆ ತಿರುಗಿ ಮಾತಾಡೋದು ಶುರುವಾಗುತ್ತೆ. ತುಟಿ ನೋಡಿ ಅರ್ಥ ಮಾಡ್ಕೊಳ್ಳೋಣ ಅಂದ್ರೆ ಮುಖನೇ ಕಾಣಲ್ಲ. ಮೇಷ್ಟ್ರು ಕೆಟ್ಟವರಲ್ಲ. ಒಬ್ಬರೇ ಎರಡು ಕ್ಲಾಸ್ ನೋಡ್ಕೋಬೇಕಿತ್ತು. ಇವನನ್ನ ಮುಂದಿನ ಬೆಂಚಲ್ಲಿ ಕೂರಿಸಿದ್ರು, ಬೈತಿರ್ಲಿಲ್ಲ, ಹೊಡೀತಿರ್ಲಿಲ್ಲ. "ಒಳ್ಳೆ ಹುಡುಗ, ಗಲಾಟೆ ಇಲ್ಲ" ಅಂತ ಅಪ್ಪನ ಹತ್ರ ಹೇಳೋರು.

ಅವನ ಒಂದು, ಎರಡನೇ ಕ್ಲಾಸಲ್ಲಿ ನಾನೂ ಅಲ್ಲೇ ಇದ್ನಲ್ಲ, ಏನಾದ್ರೂ ಆದ್ರೆ ನನ್ನನ್ನ ಕರೆಸೋರು. "ಹೋಗು, ನಿನ್ನ ತಮ್ಮ ಏನು ಕೇಳ್ತಾವ್ನೆ ನೋಡು". ಬಾಯಾರಿಕೆ, ಬಾತ್‌ರೂಮು, ಪೆನ್ಸಿಲ್ ಕಳ್ದಿದ್ದು, ಇಷ್ಟಕ್ಕೆಲ್ಲ ನಾನೇ ದುಭಾಷಿ. ಹನ್ನೊಂದು ವರ್ಷದ ಹುಡುಗಿಯ ಮೇಲೆ ಒಂದು ವಿಶೇಷ ಶಿಕ್ಷಕರ ಹುದ್ದೆ ನಡೀತಿತ್ತು, ಸಂಬಳ ಇಲ್ಲದೆ. ನಾನು ಎಂಟನೇ ಕ್ಲಾಸಿಗೆ ಬೇರೆ ಊರಿನ ಹೈಸ್ಕೂಲಿಗೆ ಹೋದೆ. ಆ ಹುದ್ದೆ ಖಾಲಿ ಬಿತ್ತು. ಅದು ಖಾಲಿ ಬಿತ್ತು ಅಂತ ಯಾವ ಫೈಲಲ್ಲೂ ಇಲ್ಲ.

ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಿಂದ ಸಮನ್ವಯ ಶಿಕ್ಷಣದ ಬಿಐಇಆರ್‌ಟಿ ಶಿಕ್ಷಕರು ಬರ್ತಿದ್ರು. ಬಂದಾಗ ಪ್ರೀತಿಯಿಂದಾನೇ ಹೇಳ್ಕೊಡೋರು. ಆದ್ರೆ ಇಡೀ ತಾಲ್ಲೂಕು ಸುತ್ತೋರು ಒಂದು ಶಾಲೆಗೆ ಎಷ್ಟು ದಿನ ಬರೋಕಾಗುತ್ತೆ? ಅವರು ಹೋದ ಮೇಲೆ ಉಳಿದ ದಿನಗಳೆಲ್ಲ ಮತ್ತೆ ಅದೇ ಬೋರ್ಡು, ಅದೇ ಬೆನ್ನು.

ರಿಜಿಸ್ಟರ್‌ನಲ್ಲಿ ಅವನ ಹಾಜರಾತಿ ನೂರಕ್ಕೆ ತೊಂಬತ್ತರ ಮೇಲಿತ್ತು. ಬೆಂಚ್ ಮೇಲೆ ಇದ್ದ. ಪಾಠದೊಳಗೆ ಇರ್ಲಿಲ್ಲ. ಇದನ್ನ 'ಸೇರಿಸಿಕೊಂಡಿದ್ದೀವಿ' ಅಂತ ಕರೆಯೋದು ಹೇಗೆ?

4/9

ಅಷ್ಟರಲ್ಲಿ ಕೋವಿಡ್ ಬಂತು. ಒಂದು ವರ್ಷ ಮನೇಲೇ ಇದ್ದ. ಎಲ್ಲರ ಬಾಯಿಗೂ ಮಾಸ್ಕು, ತುಟಿ ಓದೋದೂ ಹೋಯ್ತು. ಆಮೇಲೆ ಯಾರೋ ಹೇಳಿದ್ದು ಕೇಳಿ ಎರಡು ಬಸ್ ಬದಲಾಯಿಸಿ ಹೋಗಬೇಕಾದ ಒಂದು ಕಿವುಡ ಮಕ್ಕಳ ವಸತಿ ಶಾಲೆಗೆ ಸೇರಿಸಿದ್ವಿ. ಅಲ್ಲಿ ಪರೀಕ್ಷೆ ಮಾಡಿ, ಆರನೇ ಕ್ಲಾಸಲ್ಲಿ ಇರಬೇಕಾದವನನ್ನ ಮೂರನೇ ಕ್ಲಾಸಲ್ಲಿ ಕೂರಿಸಿದ್ರು. ಅಪ್ಪನಿಗೆ ಅವಮಾನ ಆದಂಗಾಯ್ತು. ಆದ್ರೆ ಅವರು ಹೇಳಿದ್ದು ಸರಿಯಾಗೇ ಇತ್ತು.

ಮೊದಲ ರಜಕ್ಕೆ ಕರ್ಕೊಂಡು ಬರೋಕೆ ನಾನೂ ಹೋಗಿದ್ದೆ. ಊಟದ ಹಾಲ್‌ನಲ್ಲಿ ಇನ್ನೂರು ತಟ್ಟೆ ಸದ್ದು, ಮಾತಿನ ಸದ್ದೇ ಇಲ್ಲ. ಆದ್ರೆ ಎಲ್ಲರ ಕೈಯೂ ಓಡ್ತಾ ಇತ್ತು. ಒಬ್ಬ ಹುಡುಗ ಏನೋ ಹೇಳ್ದ, ನನ್ನ ತಮ್ಮ ಬಿದ್ದು ಬಿದ್ದು ನಕ್ಕ. ನಮ್ಮೂರ ಶಾಲೆಲಿ ಎಲ್ಲರೂ ನಕ್ಕಾಗ ಅವನೂ ನಗ್ತಿದ್ದ, ಯಾಕೆ ಅಂತ ಗೊತ್ತಿಲ್ಲದೆ. ಇಲ್ಲಿ ಜೋಕ್ ಅರ್ಥ ಆಗಿ ನಕ್ಕ. ಹನ್ನೊಂದು ವರ್ಷಕ್ಕೆ ಮೊದಲ ಸಲ.

ಇದರ ಅರ್ಥ ಗೊತ್ತಾಗೋಕೆ ನನಗೆ ಟೈಮ್ ಹಿಡೀತು. ಅವನಿಗೆ ಕಮ್ಮಿ ಇದ್ದಿದ್ದು ಪಾಠ ಮಾತ್ರ ಅಲ್ಲ, ಭಾಷೆ. ಕಿವಿ ಕೇಳೋ ಮಗು ಭಾಷೆಯನ್ನ ಗಾಳಿಯಿಂದ ಹಿಡಿಯುತ್ತೆ. ಅಜ್ಜಿ ಬೈಗುಳ, ಬಸ್ಸಿನ ಜಗಳ, ಟಿವಿ ಧಾರಾವಾಹಿ, ಎಲ್ಲದರಿಂದ. ಅವನಿಗೆ ಅದು ಕಣ್ಣಿನಿಂದ ಬರಬೇಕು. ಸುತ್ತ ಸನ್ನೆ ಭಾಷೆ ಮಾತಾಡೋರು ಇದ್ರೆ ಮಾತ್ರ ಬರುತ್ತೆ. ಒಬ್ಬನನ್ನೇ ನಲವತ್ತು ಕೇಳೋ ಮಕ್ಕಳ ಮಧ್ಯೆ ಕೂರಿಸಿದ್ರೆ ಎಷ್ಟೇ ಪ್ರೀತಿ ಇದ್ರೂ ಆ ಭಾಷೆ ಎಲ್ಲಿಂದ ಬರುತ್ತೆ?

"ವಿಶೇಷ ಶಾಲೆ ಅಂದ್ರೆ ಮಕ್ಕಳನ್ನ ಬೇರೆ ಇಡೋ ಜಾಗ, ಮುಚ್ಚಬೇಕು" ಅಂತ ಸ್ಟೇಜ್ ಮೇಲೆ ನಾನೇ ಹೇಳ್ದೆ. ಹಾಗೆ ಹೇಳುವಾಗ ಆ ಊಟದ ಹಾಲ್ ನೆನಪಾಗಿತ್ತು. ನುಂಗ್ಕೊಂಡೆ. ಪಾಯಿಂಟ್ ಕಳೆದುಹೋಗುತ್ತೆ ಅಂತ.

5/9

ಹಾಗಾದ್ರೆ ವಿಶೇಷ ಶಾಲೆನೇ ಸರಿ ಅಂತ ಮುಗಿಸಿಬಿಡ್ಲಾ? ಅದೂ ಆಗಲ್ಲ. ಈ ಫೋಟೋ ನೋಡಿ, ನಮ್ಮೂರ ಹಬ್ಬದ್ದು. ತಮ್ಮನ ಪಕ್ಕ ಇರೋ ಇಬ್ಬರು ನಲಿ-ಕಲಿ ಕ್ಲಾಸಿನ ಜೊತೆಗಾರರು. ಇವತ್ತಿಗೂ ಅವನು ಬಂದ ಅಂತ ಗೊತ್ತಾದ್ರೆ ಮನೆಗೆ ಬರ್ತಾರೆ. ಅಂಗಡಿಯವರು, ಹಾಲಿನ ಡೇರಿಯವರು, ಟ್ರಾಕ್ಟರ್ ಅಣ್ಣ, ಎಲ್ಲರೂ ಅವನನ್ನ ಗುರುತು ಹಿಡಿಯೋದು ಆ ನಾಲ್ಕು ವರ್ಷದಿಂದ. ಮೊದಲಿಂದಲೇ ಹಾಸ್ಟೆಲಲ್ಲಿ ಇದ್ದಿದ್ರೆ ಊರಿಗೆ ಅವನು 'ಅವರ ಮನೆ ಮೂಗ' ಅಷ್ಟೇ ಆಗಿರ್ತಿದ್ದ. ಆ ಪದ ಬರೆಯೋಕೂ ನನಗೆ ಬೇಜಾರು. ಆದ್ರೆ ಊರಲ್ಲಿ ಬಳಸೋದು ಅದೇ.

ಇನ್ನೊಂದು ನಷ್ಟ ನಮ್ಮ ಮನೇದು. ಅವನಿಗೆ ಶಾಲೆಲಿ ಭಾಷೆ ಬೆಳೀತಾ ಹೋಯ್ತು. ನಮಗೆ ಬೆಳೀಲಿಲ್ಲ. ಅಮ್ಮನಿಗೆ ಬರೋದು 'ಊಟ, ಸ್ನಾನ, ಮಲ್ಕೋ, ಬೈತೀನಿ'. ಅವನು ರಜಕ್ಕೆ ಬಂದು ಎರಡು ದಿನ ಖುಷಿಯಾಗಿರ್ತಾನೆ. ಮೂರನೇ ದಿನದಿಂದ ಫೋನು. ಹಾಸ್ಟೆಲ್ ಹುಡುಗರಿಗೆ ವಿಡಿಯೋ ಕಾಲ್. ಅಮ್ಮ ಒಂದಿನ ಅಂದ್ರು: "ನನ್ನ ಮಗ ನನ್ನ ಮನೇಲೇ ನೆಂಟನಾಗೋದ ಕಣವ್ವ."

'ವಿಶೇಷ' ಅಂತ ಬೋರ್ಡ್ ಹಾಕಿದ ಮಾತ್ರಕ್ಕೆ ಮಕ್ಕಳಿಗೆ ಬೇಕಾದ್ದು ಸಿಗುತ್ತೆ ಅಂತಲೂ ಅಲ್ಲ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡ ಮಕ್ಕಳ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನ ನಡೀತು. ಸನ್ನೆ ಬಿಟ್ಟು ಬಾಯಿಮಾತಿನಲ್ಲೇ ಕಲಿಸಬೇಕು ಅಂತ ನಿರ್ಣಯ ಮಾಡಿದ್ರು. ಎಷ್ಟೋ ದೇಶಗಳ ಕಿವುಡರ ಶಾಲೆಗಳಲ್ಲೇ ಸನ್ನೆ ಮಾಡೋದು ತಪ್ಪಾಯ್ತು. ಆ ನಿರ್ಣಯಕ್ಕೆ ಅದೇ ಸಮ್ಮೇಳನದ ಮುಂದಿನ ಪೀಳಿಗೆ ವಿಷಾದ ಹೇಳಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. 130 ವರ್ಷ! ಅಂದ್ರೆ ವಿಶೇಷ ಶಾಲೆ ಕೂಡ ಮಗುವಿನ ಮಾತು ಕೇಳ್ದೆ ನೂರಾರು ವರ್ಷ ನಡೀಬಹುದು.

ಅದರ ಜೊತೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಕಥೆನೂ ನಮ್ಮ ನಾಡಲ್ಲೇ ಇದೆ. ಪಂಚಾಕ್ಷರಿ ಗವಾಯಿಗಳು, ಅವರಾದ ಮೇಲೆ ಪುಟ್ಟರಾಜ ಗವಾಯಿಗಳು, ಇಬ್ಬರಿಗೂ ಕಣ್ಣು ಕಾಣ್ತಿರ್ಲಿಲ್ಲ. ಕಣ್ಣಿಲ್ಲದ ಎಷ್ಟೋ ಮಕ್ಕಳು ಅಲ್ಲಿ ಸಂಗೀತ ಕಲಿತು ಸ್ವಂತ ಕಾಲ ಮೇಲೆ ನಿಂತರು. ಅಲ್ಲಿ ಕಲಿಸೋರಿಗೆ ಮಗುವಿನ ಕತ್ತಲು ಸ್ವಂತ ಅನುಭವದಿಂದ ಗೊತ್ತಿತ್ತು. ನನಗನಿಸೋದು, ಬೋರ್ಡಿಗಿಂತ ಅದು ಮುಖ್ಯ.

6/9

ಕಾನೂನು ಏನು ಹೇಳುತ್ತೆ? ಬಿಕಾಂ ಓದೋರಿಗೆ ಕಾಯ್ದೆ ಓದೋ ಅಭ್ಯಾಸ ಸ್ವಲ್ಪ ಇರುತ್ತೆ, ಕೂತು ಓದ್ದೆ.

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಎಲ್ಲಾ ಮಕ್ಕಳಿಗೂ ಶಾಲೆ ಕೊಡ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನ ಪಟ್ಟಿ ಮಾಡ್ತು. ಅದಕ್ಕೂ ಮುಂಚಿನ 1995ರ ಕಾಯ್ದೆಯಲ್ಲಿ ಇದ್ದಿದ್ದು 7. ಹೊಸ ಕಾಯ್ದೆಯ 31ನೇ ಸೆಕ್ಷನ್ ನೋಡಿ: ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರೋ, 6ರಿಂದ 18 ವರ್ಷದ ಪ್ರತಿ ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ, ಅಥವಾ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ.

ಎರಡು ವಿಷಯ ಗಮನಿಸಿ.

ಒಂದು, ಅಲ್ಲಿ 'ಅಥವಾ' ಇದೆ. ನಾವು ಕಾಲೇಜಲ್ಲಿ ಅದಾ ಇದಾ ಅಂತ ಕಿತ್ತಾಡಿದ್ದನ್ನ ಕಾನೂನು ಆಗ್ಲೇ ಮಗುವಿನ ಕೈಗೆ ಕೊಟ್ಟಿದೆ. 'ತನ್ನ ಆಯ್ಕೆಯ' ಅಂತ ಬರೆದಿದೆ. ನಮ್ಮನೇಲಿ ಎರಡು ಸಲ ಶಾಲೆ ಬದಲಾಯ್ತು. ಎರಡು ಸಲವೂ ಅವನನ್ನ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ.

ಎರಡು, ಕಾನೂನು ಲೆಕ್ಕ ಹಾಕೋದು ವಯಸ್ಸಲ್ಲಿ, ಕ್ಲಾಸಲ್ಲಿ ಅಲ್ಲ. ನನ್ನ ತಮ್ಮನಿಗೆ ಈಗ 15, ಏಳನೇ ಕ್ಲಾಸು. ಎಂಟಕ್ಕೆ 16, ಒಂಬತ್ತಕ್ಕೆ 17, ಎಸ್ಎಸ್ಎಲ್‌ಸಿಗೆ 18. ಸುಮ್ಮನೆ ಬೆಂಚ್ ಮೇಲೆ ಕೂತು ಕಳೆದ ವರ್ಷಗಳನ್ನ ಅವನ ಹಕ್ಕಿನ ಲೆಕ್ಕದಿಂದಲೇ ಕಳೀತಾ ಇದ್ದಾರೆ. ಪಿಯುಸಿ ಹೊತ್ತಿಗೆ ಈ ಸೆಕ್ಷನ್‌ನ ಬಾಗಿಲು ಮುಚ್ಚಿರುತ್ತೆ. ತಪ್ಪು ಜಾಗದಲ್ಲಿ ಕಳೆದ ಕಾಲಕ್ಕೆ ದಂಡ ಕಟ್ಟೋದು ಮಗು.

ಅದೇ ಕಾಯ್ದೆಯ 16ನೇ ಸೆಕ್ಷನ್ ಕಿವುಡ ಮಕ್ಕಳಿಗೆ ಅವರಿಗೆ ಸೂಕ್ತವಾದ ಭಾಷೆಯಲ್ಲೇ ಶಿಕ್ಷಣ ಕೊಡಬೇಕು ಅನ್ನುತ್ತೆ. 2021ರಲ್ಲಿ ಭಾರತೀಯ ಸಂಜ್ಞಾ ಭಾಷೆಗೆ ಒಂದು ಭಾಷಾ ವಿಷಯದ ಸ್ಥಾನ ಕೊಡ್ತೀವಿ ಅಂತ ಕೇಂದ್ರ ಘೋಷಿಸ್ತು. ಆದ್ರೆ ನಮ್ಮ ಹೈಸ್ಕೂಲ್‌ಗಳಲ್ಲಿ ಈ ಮಕ್ಕಳಿಗೆ ಸುಲಭವಾಗಿ ಸಿಗೋದು ಭಾಷೆಯಲ್ಲ, ಭಾಷಾ ಪರೀಕ್ಷೆಯಿಂದ ವಿನಾಯಿತಿ. ವಿನಾಯಿತಿ ಬೇಕು, ಬೇಡ ಅನ್ನಲ್ಲ. ಆದ್ರೆ ಭಾಷೆ ಕಲಿಸ್ದೆ ವಿನಾಯಿತಿ ಮಾತ್ರ ಕೊಟ್ರೆ ಅದು ಮಗುವಿಗೆ ಮಾಡಿದ ಉಪಕಾರ ಆಗಲ್ಲ, ನಮ್ಮ ಕೆಲಸ ಉಳಿಸ್ಕೊಂಡಂಗೆ.

7/9

ಈಗ ನನ್ನ ಸಬ್ಜೆಕ್ಟ್. ಆಡಿಟಿಂಗ್‌ನಲ್ಲಿ ಎರಡು ಪದ ಬರುತ್ತೆ, ವೌಚಿಂಗ್ ಮತ್ತು ವೆರಿಫಿಕೇಶನ್. ವೌಚಿಂಗ್ ಅಂದ್ರೆ ಪುಸ್ತಕದಲ್ಲಿ ಬರೆದ ಎಂಟ್ರಿಗೆ ಬಿಲ್ಲು, ರಸೀದಿ ಇದೆಯಾ ಅಂತ ನೋಡೋದು. ವೆರಿಫಿಕೇಶನ್ ಅಂದ್ರೆ ಆ ಆಸ್ತಿ ನಿಜವಾಗ್ಲೂ ಇದೆಯಾ ಅಂತ ಹೋಗಿ ನೋಡೋದು. ನಮ್ಮ ಸಮನ್ವಯ ಶಿಕ್ಷಣದ ವೌಚಿಂಗ್ ಪರ್ಫೆಕ್ಟ್. ದಾಖಲಾತಿ ಇದೆ, ಹಾಜರಾತಿ ಇದೆ, ಯುಡಿಐಡಿ ಕಾರ್ಡ್ ನಂಬರ್ ಇದೆ. ವೆರಿಫಿಕೇಶನ್ ಮಾಡೋರು ಯಾರು? ಮಗು ಕಲಿತಿದೆಯಾ ಅಂತ ಹೋಗಿ ನೋಡೋರು ಯಾರು?

ದುಡ್ಡಿನ ಲೆಕ್ಕನೂ ನೋಡೋಣ. ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಲ್ಲಿ ವಿಶೇಷ ಅಗತ್ಯವುಳ್ಳ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿ. 365ರಿಂದ ಭಾಗಿಸಿ, ದಿನಕ್ಕೆ 9 ರೂಪಾಯಿ 59 ಪೈಸೆ. ನಮ್ಮ ಕಾಲೇಜ್ ಕ್ಯಾಂಟೀನಲ್ಲಿ ಒಂದು ಟೀ ಬರಲ್ಲ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳು ಬೇರೆ ಇದೆ. "ಸಾಮಾನ್ಯ ಶಾಲೆಲಿ ಸೇರಿಸಿದ್ರೆ ಖರ್ಚು ಕಮ್ಮಿ" ಅಂತ ಸ್ಪರ್ಧೆಲಿ ಒಬ್ಬರು ವಾದ ಮಾಡಿದ್ರು. ಖಂಡಿತ ಕಮ್ಮಿ, ಏನೂ ಕೊಡದೇ ಇದ್ರೆ ಕಮ್ಮಿನೇ ಆಗುತ್ತೆ.

ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಲೆಕ್ಕ ಹಾಕಿಕೊಟ್ಟಿದೆ. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ. 2025ರ ಮಾರ್ಚ್‌ನಲ್ಲಿ ಮತ್ತೆ ರಾಜ್ಯಗಳಿಗೆ ಹುದ್ದೆಗಳನ್ನ ಮಂಜೂರು ಮಾಡಿ, ಅಧಿಸೂಚನೆ ಹೊರಡಿಸಿ ಅಂತ ಹೇಳಬೇಕಾಯ್ತು. ಮತ್ತೆ ಹೇಳಬೇಕಾಯ್ತು ಅಂದ್ರೆ ನಡುವೆ ಏನಾಗಿರ್ಲಿಲ್ಲ ಅಂತ ನೀವೇ ಊಹಿಸಿ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಶಿಕ್ಷಕರಿಲ್ಲದೆ, ಭಾಷೆ ಇಲ್ಲದೆ ಮಗುವನ್ನ ಸಾಮಾನ್ಯ ಶಾಲೆಲಿ ಕೂರಿಸೋದು ಸಮನ್ವಯ ಅಲ್ಲ, ಉಳಿತಾಯ. ಹಾಗೇ ಮನೆ, ಊರು ಎಲ್ಲಾ ಕಿತ್ಕೊಂಡು ದೂರದ ಹಾಸ್ಟೆಲ್‌ಗೆ ಕಳಿಸಿ "ಅಲ್ಲಿ ನೋಡ್ಕೋತಾರೆ" ಅಂತ ಕೈ ತೊಳ್ಕೊಳ್ಳೋದು ವಿಶೇಷ ಶಿಕ್ಷಣ ಅಲ್ಲ, ಅದೂ ಉಳಿತಾಯನೇ. ಉಳಿಸೋದು ದುಡ್ಡಲ್ಲ, ನಮ್ಮ ತೊಂದರೆ.

8/9

ಜೂನ್‌ನಲ್ಲಿ ತಮ್ಮ ಎಂಟನೇ ಕ್ಲಾಸು. ಈಗಿರೋ ಶಾಲೆ ಏಳಕ್ಕೆ ಮುಗಿಯುತ್ತೆ. ಮುಂದೆ ಎರಡು ದಾರಿ. ನಾನು ಓದಿದ ಹೈಸ್ಕೂಲು, ಸೈಕಲ್‌ನಲ್ಲಿ ಹೋಗಿಬರಬಹುದು. ಇಲ್ಲಾಂದ್ರೆ ಇನ್ನೂ ದೂರದ ಕಿವುಡ ಮಕ್ಕಳ ಹೈಸ್ಕೂಲು, ಮತ್ತೆ ಹಾಸ್ಟೆಲ್.

ಅಪ್ಪ ಅಂತಾರೆ: "ಸಾಕು ಕಣವ್ವ, ಹುಡುಗ ಮನೇಲಿರ್ಲಿ. ಹುಳದ ಕೆಲಸನಾದ್ರೂ ಕಲೀತಾನೆ." ಅಮ್ಮ ಅಂತಾರೆ: "ಮನೇಲಿದ್ರೆ ಜೊತೇಲಿ ಇರ್ತಾನೆ, ಆದ್ರೆ ಒಬ್ನೇ ಆಗೋಗ್ತಾನೆ." ಇಬ್ಬರೂ ಸರಿ. ಅದೇ ಕಷ್ಟ.

ಸಂಕ್ರಾಂತಿ ಮಾರನೇ ದಿನ ಒಂದು ನೋಟ್ ಬುಕ್ ತಗೊಂಡು ಹುಳದ ಮನೆಗೆ ಹೋದೆ. ಅವನು ಚಂದ್ರಂಕಿ ಮೇಲೆ ಹಣ್ಣಾದ ಹುಳ ಬಿಡ್ತಾ ಇದ್ದ. ಮುಗಿಸೋವರೆಗೂ ಕಾದೆ. ಆಮೇಲೆ ಎರಡು ಕಟ್ಟಡ ಬರೆದೆ. ಒಂದರ ಪಕ್ಕ ನಮ್ಮ ಮನೆ, ಇನ್ನೊಂದರ ಪಕ್ಕ ಎರಡು ಬಸ್ಸು. ಮೊದಲು ಆ ಸರ್ಟಿಫಿಕೇಟ್ ತೋರಿಸಿ, ಎರಡು ಕಟ್ಟಡ ತೋರಿಸಿ, "ನಾನು ಇದು ಒಳ್ಳೇದು ಅಂತ ಹೇಳ್ದೆ, ಗೆದ್ದೆ" ಅಂತ ಹೇಗೋ ತಿಳಿಸ್ದೆ. ಆಮೇಲೆ ಕೇಳ್ದೆ: ನಿನಗೆ ಯಾವುದು?

ಅವನು ಬೇಗ ಉತ್ತರ ಕೊಡ್ಲಿಲ್ಲ. ಹತ್ತಿರದ ಶಾಲೆ ಮೇಲೆ ಬೆರಳಿಟ್ಟು ಕೇಳ್ದ: "ಇಲ್ಲಿ ಕೈಯಲ್ಲಿ ಮಾತಾಡೋರು ಎಷ್ಟು ಜನ?"

ನಾನು ಸೊನ್ನೆ ತೋರಿಸ್ದೆ.

"ಮೇಷ್ಟ್ರು?" ಸೊನ್ನೆ.

ಅವನು ದೂರದ ಶಾಲೆ ತೋರಿಸ್ದ. ಒಂದು ಕ್ಷಣ ಬಿಟ್ಟು ಮನೆ ಚಿತ್ರದ ಮೇಲೂ ಬೆರಳಿಟ್ಟ. "ಪ್ರತಿ ಶನಿವಾರ?" ಅಂದ. ಆ ಶಾಲೆ ಇರೋ ದೂರಕ್ಕೆ ಅದು ಆಗಲ್ಲ ಅಂತ ಅವನಿಗೂ ಗೊತ್ತು.

ನಾವು ಕಾಲೇಜಲ್ಲಿ ಒಂದು ಗಂಟೆ ಚರ್ಚೆ ಮಾಡಿದ್ದು ಯಾವ ಕಟ್ಟಡ ಅಂತ. ಅವನು ಕೇಳಿದ್ದು ಕಟ್ಟಡದ ಬಗ್ಗೆ ಅಲ್ಲ. ಅಲ್ಲಿ ನನ್ನ ಥರದವರು ಇದ್ದಾರಾ, ನನ್ನ ಭಾಷೆ ಬರೋ ಮೇಷ್ಟ್ರು ಇದ್ದಾರಾ, ವಾರಕ್ಕೊಂದು ಸಲ ಮನೆಗೆ ಬರಬಹುದಾ. ಮೂರೇ ಪ್ರಶ್ನೆ. ಮೂರಕ್ಕೂ 'ಹೌದು' ಅನ್ನೋ ಶಾಲೆ ನಮ್ಮ ತಾಲ್ಲೂಕಲ್ಲಿ ಇಲ್ಲ.

9/9

ಆದ್ರೆ ಇರೋಕೆ ಸಾಧ್ಯ ಇಲ್ವಾ? ಇದು ನನ್ನ ಸಲಹೆ, ತಪ್ಪಿದ್ರೆ ಕಮೆಂಟ್‌ನಲ್ಲಿ ತಿದ್ದಿ.

ಒಂದು ತಾಲ್ಲೂಕಿನ ಹದಿನೈದು ಹೈಸ್ಕೂಲಲ್ಲಿ ಹದಿನೈದು ಕಿವುಡ ಮಕ್ಕಳು ಒಬ್ಬೊಬ್ಬರೇ ಕೂತಿದ್ದಾರೆ ಅಂದ್ಕೊಳ್ಳಿ. ಸುತ್ತೋ ಶಿಕ್ಷಕರು ಯಾರಿಗೂ ಸಾಕಾಗಲ್ಲ. ಅದೇ ಹದಿನೈದು ಮಕ್ಕಳು ತಾಲ್ಲೂಕು ಕೇಂದ್ರದ ಒಂದೇ ಸಾಮಾನ್ಯ ಹೈಸ್ಕೂಲಲ್ಲಿ ಒಟ್ಟಿಗೆ ಇದ್ರೆ? ಸುಪ್ರೀಂ ಕೋರ್ಟಿನ ಲೆಕ್ಕದಲ್ಲೇ ಒಂದು ಪೂರ್ಣ ಹುದ್ದೆ ಬರುತ್ತೆ. ಸನ್ನೆ ಭಾಷೆ ಬರೋ ಶಿಕ್ಷಕರು ದಿನಾ ಇರ್ತಾರೆ. ಭಾಷೆ, ಗಣಿತ ಪ್ರತ್ಯೇಕ ರೂಮಲ್ಲಿ. ಆಟ, ಚಿತ್ರಕಲೆ, ಪ್ರಯೋಗ, ಊಟ ಎಲ್ಲರ ಜೊತೆ. ಕೇಳೋ ಮಕ್ಕಳೂ ಸನ್ನೆ ಕಲೀತಾರೆ, ನಮ್ಮೂರ ನಲಿ-ಕಲಿ ಮಕ್ಕಳು ಕಲ್ತಂಗೆ. ಮಕ್ಕಳಿಗೆ ಬಸ್ ವ್ಯವಸ್ಥೆ ಬೇಕು, ಅದಕ್ಕೆ ಖರ್ಚಿದೆ. ಆದ್ರೆ ರಾತ್ರಿ ಮಗು ಮನೇಲಿ ಮಲಗುತ್ತೆ.

"ಹಾಗಾದ್ರೆ ಮನೆ ಹತ್ತಿರದ ಶಾಲೆ ಅನ್ನೋ ಹಕ್ಕು?" ಅಂತ ಕೇಳಬಹುದು. ಕಿವುಡ ಮಕ್ಕಳ ವಿಷಯದಲ್ಲಿ ಹತ್ತಿರ ಅನ್ನೋದನ್ನ ಕಿಲೋಮೀಟರ್‌ನಲ್ಲಿ ಮಾತ್ರ ಅಳೆಯೋಕಾಗಲ್ಲ. ಇದೇ ಉತ್ತರ ಎಲ್ಲರಿಗೂ ಅಂತಲೂ ನಾನು ಹೇಳಲ್ಲ. ವೀಲ್‌ಚೇರ್‌ನಲ್ಲಿರೋ ಮಗುವಿಗೆ ರ್‍ಯಾಂಪು, ಒಳಗೆ ಹೋಗೋಕಾಗೋ ಶೌಚಾಲಯ ಇದ್ರೆ ಊರ ಶಾಲೆ ಸಾಕು, ಅದನ್ನ ದೂರ ಕಳಿಸೋದು ಅನ್ಯಾಯ. ಕಣ್ಣು ಕಾಣದ ಮಗು ಪಾಠ ಕೇಳಿಸ್ಕೊಳ್ಳುತ್ತೆ, ಅದಕ್ಕೆ ಬ್ರೈಲ್ ಪುಸ್ತಕ ಸಮಯಕ್ಕೆ ಬರಬೇಕು. ಓದುವಾಗ ಅಕ್ಷರ ಅದಲುಬದಲಾಗೋ ಮಗುವಿಗೆ ಬೇಕಾಗಿರೋದು ಹೆಚ್ಚು ಟೈಮು, 'ದಡ್ಡ' ಅನ್ನದ ಮೇಷ್ಟ್ರು. ದಿನವಿಡೀ ಆರೈಕೆ ಬೇಕಾದ ಮಗುವಿಗೆ ವಿಶೇಷ ಶಾಲೆಯೇ ಬೇಕಾಗಬಹುದು. 21 ಬಗೆ ಇರುವಾಗ ಒಂದೇ ಉತ್ತರಕ್ಕೆ ಚಪ್ಪಾಳೆ ತಟ್ಟೋದು ಸ್ಪರ್ಧೆಗೆ ಸರಿ, ಮಕ್ಕಳಿಗೆ ಸರಿಯಲ್ಲ.

ಹೋದ ವಾರ ಅಪ್ಪ ಫೋನ್ ಮಾಡಿ ಕೇಳಿದ್ರು: "ನಮ್ಮ ತಾಲ್ಲೂಕಲ್ಲಿ ಇವನಂಗೆ ಏಳು ಮುಗ್ಸೋ ಮಕ್ಕಳು ಎಷ್ಟಿದ್ದಾರೆ ಅಂತ ಎಲ್ಲಿ ಕೇಳ್ಬೇಕವ್ವ?" ಸೋಮವಾರ ಇಬ್ಬರೂ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಹೋಗ್ತಿದ್ದೀವಿ. ಇವನಿಗೆ ಜೂನ್ ಹೊತ್ತಿಗೆ ಏನೂ ಆಗದೇ ಇರಬಹುದು. ಆಗದಿದ್ರೆ ಅವನು ಕೇಳಿದ ಶಾಲೆಗೇ ಹೋಗ್ತಾನೆ. ಹಾಗಂತ ಅಪ್ಪ ಒಪ್ಪಿದ್ದಾರೆ.

ನಿಮ್ಮ ಹತ್ರ ಒಂದು ಕೋರಿಕೆ. ಲೈಕ್ ಬೇಡ. ನಿಮ್ಮೂರ ಶಾಲೆಲಿ ಮುಂದಿನ ಬೆಂಚಲ್ಲಿ ಸುಮ್ಮನೆ ಕೂತಿರೋ ಮಗು ಇದ್ರೆ, ಅದಕ್ಕೆ ಏನು ಅರ್ಥ ಆಗ್ತಿದೆ ಅಂತ ಒಂದು ಸಲ ವಿಚಾರಿಸಿ. ನಾನಂತೂ ಭಾರತೀಯ ಸಂಜ್ಞಾ ಭಾಷೆಯ ಆನ್‌ಲೈನ್ ನಿಘಂಟು ನೋಡಿ ದಿನಕ್ಕೆ ಐದು ಪದ ಕಲೀತಿದ್ದೀನಿ. ಅದರಲ್ಲಿ ಸಾವಿರಾರು ಪದ ಇವೆ. ಮೊದಲು ಕಲ್ತಿದ್ದು 'ಆಯ್ಕೆ'. ರಾತ್ರಿ ವಿಡಿಯೋ ಕಾಲ್‌ನಲ್ಲಿ ಮಾಡಿ ತೋರಿಸ್ದೆ. ಅವನು ನಕ್ಕು, ಬೆರಳು ತಪ್ಪಿದೆ ಅಂತ ತಿದ್ದಿದ.

#ಸಮನ್ವಯಶಿಕ್ಷಣ #ವಿಶೇಷಶಾಲೆ #ಸನ್ನೆಭಾಷೆ #ನನ್ನತಮ್ಮ #ಕನ್ನಡಬರಹ